ಹೈಪರ್‌ಥ್ರೆಡಿಂಗ್ ಆಫ್ ಮಾಡೋ ಸ್ವಿಚ್ ಯಾರ ಕೈಲಿರಬೇಕು?

ನನ್ನ ಹಳೇ ಲ್ಯಾಪ್‌ಟಾಪ್‌ನ ಬಯೋಸ್‌ನಲ್ಲಿ ಹೈಪರ್‌ಥ್ರೆಡಿಂಗ್ ಆಫ್ ಮಾಡುವ ಆಯ್ಕೆಯನ್ನು ಅರ್ಧ ಗಂಟೆ ಹುಡುಕಿದೆ. ಇರಲಿಲ್ಲ. ಬೂಟ್ ಆಗುವಾಗ ತೋರಿಸೋ ಲೋಗೋ ಬದಲಿಸಬಹುದು, ಆದರೆ ದುಡ್ಡು ಕೊಟ್ಟು ಕೊಂಡ ಪ್ರೊಸೆಸರ್‌ನ ಒಂದು ಸೌಲಭ್ಯ ಬೇಡ ಅನ್ನೋ ಹಕ್ಕು ನನಗಿಲ್ಲ.

ಮೊದಲು ಇದೇನು ಅಂತ ನೋಡೋಣ. ಇಂಟೆಲ್ ಇದನ್ನು ತಂದಿದ್ದು 2002ರಲ್ಲಿ. ಹೋಟೆಲ್‌ನಲ್ಲಿ ಒಂದೇ ದೋಸೆ ಕಾವಲಿಗೆ ಇಬ್ಬರು ಭಟ್ಟರು ನಿಂತ ಹಾಗೆ. ಒಬ್ಬರು ಹಿಟ್ಟಿಗೆ ಕಾಯುವಾಗ ಇನ್ನೊಬ್ಬರು ದೋಸೆ ಹುಯ್ತಾರೆ, ಕಾವಲಿ ಖಾಲಿ ಬೀಳಲ್ಲ. ಒಂದು ಕೋರ್, ಎರಡು ಥ್ರೆಡ್. ಆಪರೇಟಿಂಗ್ ಸಿಸ್ಟಮ್‌ಗೆ ಅದು ಎರಡು ಪ್ರೊಸೆಸರ್ ಥರ ಕಾಣುತ್ತೆ.

ತೊಂದರೆ ಇರೋದೂ ಅಲ್ಲೇ. ಕಾವಲಿ ಮೇಲೆ ಉಳಿದ ಕಲೆ ನೋಡಿ ಪಕ್ಕದವರು ಏನು ಹುಯ್ದರು ಅಂತ ಹೇಳಬಹುದು. 2018ರ ಆಗಸ್ಟ್‌ನಲ್ಲಿ ಹೊರಬಂದ ಫೋರ್‌ಶ್ಯಾಡೋ, 2019ರ ಮೇ ತಿಂಗಳಲ್ಲಿ ಹೊರಬಂದ ಝಾಂಬಿಲೋಡ್ ತೋರಿಸಿದ್ದು ಇದನ್ನೇ: ಒಂದು ಥ್ರೆಡ್‌ನಲ್ಲಿರೋ ಪ್ರೋಗ್ರಾಂ, ಅದೇ ಕೋರ್‌ನ ಇನ್ನೊಂದು ಥ್ರೆಡ್‌ನ ಗುಟ್ಟನ್ನು ಕದಿಯಬಹುದು. ಗೂಗಲ್ ಆಗ ಕ್ರೋಮ್ ಓಎಸ್ 74ರಲ್ಲಿ ಹೈಪರ್‌ಥ್ರೆಡಿಂಗನ್ನೇ ಆಫ್ ಮಾಡಿತು. ಆಪಲ್ ನಿರ್ಧಾರವನ್ನು ಬಳಕೆದಾರರಿಗೆ ಬಿಟ್ಟು, ಪೂರ್ತಿ ರಕ್ಷಣೆ ಬೇಕಂದ್ರೆ ವೇಗ ಶೇ. 40ರವರೆಗೆ ಇಳಿಯಬಹುದು ಅಂತ ಎಚ್ಚರಿಸಿತು.

ಆಫ್ ಮಾಡೋದಾದ್ರೆ ಎಲ್ಲಿ? ಬಯೋಸ್‌ನಲ್ಲಿ, ಅಂದ್ರೆ ಫರ್ಮ್‌ವೇರ್‌ನಲ್ಲಿ ಆಫ್ ಮಾಡಿದರೆ ಎರಡನೇ ಭಟ್ಟರು ಕೆಲಸಕ್ಕೇ ಬಂದಿಲ್ಲ ಅಂತ ಲೆಕ್ಕ. ಯಾವ ಆಪರೇಟಿಂಗ್ ಸಿಸ್ಟಮ್ ಹಾಕಿದ್ರೂ ಆ ಥ್ರೆಡ್ ಕಾಣಲ್ಲ. ಬದಲಿಸಬೇಕಂದ್ರೆ ರೀಬೂಟ್ ಮಾಡಲೇಬೇಕು.

ಲಿನಕ್ಸ್‌ನ ದಾರಿ ಬೇರೆ. ಬೂಟ್ ಸಾಲಿಗೆ ‘ನೋಎಸ್‌ಎಂಟಿ’ ಅಂತ ಸೇರಿಸಿದರೆ ಆಯ್ತು, ಅಥವಾ ಯಂತ್ರ ಓಡ್ತಿರುವಾಗಲೇ ಒಂದು ಕಂಟ್ರೋಲ್ ಫೈಲ್‌ಗೆ ‘ಆಫ್’ ಅಂತ ಬರೆದರೂ ಸಾಕು. ಆದರೆ ಇಂಟೆಲ್ ಯಂತ್ರಗಳಲ್ಲಿ ಬೂಟ್ ಆಗುವಾಗ ಕರ್ನಲ್ ಆ ಎರಡನೇ ಥ್ರೆಡ್ಡನ್ನು ಒಮ್ಮೆ ಎಬ್ಬಿಸಲೇಬೇಕು. ಯಾಕಂದ್ರೆ ಹಾರ್ಡ್‌ವೇರ್‌ನಲ್ಲಿ ಗಂಭೀರ ದೋಷ ಬಂದಾಗ ಅದರ ಸಂದೇಶ ಎಲ್ಲ ಥ್ರೆಡ್‌ಗಳಿಗೂ ಹೋಗುತ್ತೆ. ಅದನ್ನು ಸ್ವೀಕರಿಸೋಕೆ ಒಂದು ಥ್ರೆಡ್ ಸಜ್ಜಾಗಿಲ್ಲದಿದ್ದರೂ ಇಡೀ ಯಂತ್ರ ದಢಕ್ಕನೆ ನಿಲ್ಲುತ್ತೆ. ಹಾಗಾಗಿ ಎರಡನೇ ಭಟ್ಟರು ಬರ್ತಾರೆ, ಹಾಜರಿ ಹಾಕ್ತಾರೆ, ಹಿಂದಿನ ಬೆಂಚಿನ ಮೇಲೆ ಮಲಗ್ತಾರೆ. ಮಲಗಿದವರು ಕಾವಲಿ ಮುಟ್ಟಲ್ಲ, ಕದಿಯೋಕೆ ಬೇಕಾದ ಪಕ್ಕದ ಥ್ರೆಡ್ಡೇ ಇರಲ್ಲ. ರಕ್ಷಣೆಯ ಮಟ್ಟಿಗೆ ಎರಡೂ ದಾರಿಗೆ ಹೆಚ್ಚು ವ್ಯತ್ಯಾಸವಿಲ್ಲ.

“ರೂಟ್ ಸಿಕ್ಕವನು ಮತ್ತೆ ಆನ್ ಮಾಡಿಬಿಟ್ರೆ?” ಅಂತ ಕೇಳಬಹುದು. ರೂಟ್ ಕೈಲಿದ್ದವನು ಕಾವಲಿಯ ಕಲೆ ಯಾಕೆ ನೋಡ್ತಾನೆ, ಪಾತ್ರೆಯನ್ನೇ ಎತ್ಕೊಂಡು ಹೋಗ್ತಾನೆ. ಆದರೂ ಭಯವಿದ್ದರೆ ‘ಫೋರ್ಸ್’ ಆಯ್ಕೆ ಇದೆ, ರೀಬೂಟ್ ಆಗೋವರೆಗೆ ಅದನ್ನು ತಿರುಗಿಸೋಕಾಗಲ್ಲ. ನನ್ನ ಮಟ್ಟಿಗೆ ಹೆಚ್ಚಿನ ಅಪಾಯ ಮರೆವಿನದ್ದು. ಫರ್ಮ್‌ವೇರ್ ಅಪ್‌ಡೇಟ್ ಆದಾಗ ಸೆಟ್ಟಿಂಗ್ಸ್ ಮೊದಲಿನ ಸ್ಥಿತಿಗೆ ಹೋಗಬಹುದು, ಯಾರಿಗೂ ಗೊತ್ತೇ ಆಗಲ್ಲ. ಕರ್ನಲ್ ಸೆಟ್ಟಿಂಗ್ ಹಾಗಲ್ಲ, ನೂರು ಸರ್ವರ್ ಇದ್ದರೂ ಒಂದು ಸ್ಕ್ರಿಪ್ಟ್‌ನಲ್ಲಿ ತಪಾಸಣೆ ಮಾಡಬಹುದು. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಇದಕ್ಕೆ ಸಾಲಲ್ಲ: ಅದರಲ್ಲಿ ಪ್ರೊಸೆಸರ್ ಸಂಖ್ಯೆ ಕಡಿಮೆ ಮಾಡಬಹುದು, ಯಾವುದು ಯಾವುದರ ಜೋಡಿ ಅಂತ ಹೇಳೋಕಾಗಲ್ಲ.

ಓಪನ್‌ಬಿಎಸ್‌ಡಿ ತಂಡ 2018ರ ಜೂನ್‌ನಲ್ಲಿ, ಅಂದ್ರೆ ಫೋರ್‌ಶ್ಯಾಡೋ ಬಯಲಾಗೋಕೆ ಮುಂಚೆಯೇ, ಇಂಟೆಲ್ ಯಂತ್ರಗಳಲ್ಲಿ ಇದನ್ನು ತಾನಾಗೇ ಆಫ್ ಮಾಡಿತು. ಆಗ ಅವರು ಕೊಟ್ಟ ಕಾರಣಗಳಲ್ಲೊಂದು ನನ್ನ ಲ್ಯಾಪ್‌ಟಾಪ್ ಕಥೆಯೇ: ಈಗಿನ ಎಷ್ಟೋ ಯಂತ್ರಗಳ ಬಯೋಸ್‌ನಲ್ಲಿ ಈ ಆಯ್ಕೆ ಉಳಿದಿಲ್ಲ, ಹಾಗಾಗಿ ನಾವೇ ಕೊಡಬೇಕಾಯ್ತು ಅಂತ. ಕಂಪನಿ ಮುಚ್ಚಿದ ಬಾಗಿಲನ್ನು ಮುಕ್ತ ತಂತ್ರಾಂಶ ತೆರೆದಿದ್ದು ಹೀಗೆ.

ಬಾಡಿಗೆ ಸರ್ವರ್‌ನಲ್ಲಿ ಆ ಬಾಗಿಲೂ ಇಲ್ಲ. ಸಣ್ಣ ಸುದ್ದಿತಾಣವೋ ಸಂಘಟನೆಯೋ ತನ್ನ ಮೂಲಗಳ ಹೆಸರು, ಸದಸ್ಯರ ಪಟ್ಟಿ ಇಟ್ಟಿರೋದು ಇಂಥಲ್ಲೇ. ನಿಮ್ಮ ವರ್ಚುವಲ್ ಯಂತ್ರದೊಳಗೆ ಥ್ರೆಡ್ ಆಫ್ ಮಾಡಿದ್ರೆ ನಿಮ್ಮ ಕಡೆಯ ಭಟ್ಟರು ಮಲಗ್ತಾರೆ ಅಷ್ಟೇ. ಅದೇ ಕಾವಲಿಗೆ ಬೇರೆ ಗಿರಾಕಿಯ ಭಟ್ಟರನ್ನು ನಿಲ್ಲಿಸೋದು ಬಿಡೋದು ಅಡಿಯಲ್ಲಿರೋ ಯಂತ್ರದ ಮಾಲೀಕರ ಕೈಲಿದೆ. 2021ರಲ್ಲಿ ಬಂದ ಲಿನಕ್ಸ್ 5.14ರಲ್ಲಿ ಕೋರ್ ಶೆಡ್ಯೂಲಿಂಗ್ ಅನ್ನೋ ಮಧ್ಯದ ದಾರಿಯೂ ಇದೆ: ಪರಸ್ಪರ ನಂಬಿಕೆಯ ಕೆಲಸಗಳು ಮಾತ್ರ ಒಂದು ಕೋರ್ ಹಂಚಿಕೊಳ್ಳೋ ಹಾಗೆ ಮಾಡಬಹುದು. ಆದರೆ ಅದನ್ನು ಆನ್ ಮಾಡಬೇಕಾದವರೂ ಮಾಲೀಕರೇ. ಹಾಗಾಗಿ ಸರ್ವರ್ ಕೊಟ್ಟವರಿಗೆ ಇಮೇಲ್ ಬರೆದು ಕೇಳಿ: ನಮ್ಮ ಕೋರ್ ಬೇರೆ ಗಿರಾಕಿ ಜೊತೆ ಹಂಚಿಕೆ ಆಗ್ತಿದೆಯಾ?

ಮನೆ ಲ್ಯಾಪ್‌ಟಾಪ್‌ನಲ್ಲಿ ಒಬ್ಬರೇ ಕೆಲಸ ಮಾಡೋರು ಅಪ್‌ಡೇಟ್‌ಗಳನ್ನು ತಪ್ಪದೆ ಹಾಕಿಕೊಂಡಿದ್ರೆ ಸಾಕು, ವೇಗ ಕಳ್ಕೊಳ್ಳೋ ಅಗತ್ಯ ನನಗಂತೂ ಕಾಣಲ್ಲ. ಇಂಟೆಲ್ 2024ರ ಲೂನಾರ್ ಲೇಕ್ ಲ್ಯಾಪ್‌ಟಾಪ್ ಚಿಪ್‌ಗಳಿಂದ ಹೈಪರ್‌ಥ್ರೆಡಿಂಗನ್ನೇ ತೆಗೆದುಹಾಕಿದೆ. ಆಗಲೂ ನಮ್ಮನ್ನೇನೂ ಕೇಳಲಿಲ್ಲ ಅನ್ನಿ.