ಇಳಿಯುವ ತೂಕ, ಏರುವ ಅಪಾಯ

ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ 2011ರಲ್ಲಿ ಮೆಟ್ರೋ ರೈಲು ಓಡತೊಡಗಿದಂದಿನಿಂದ ಈ ಭಾಗದ ನಿವಾಸಿಗಳಿಗೆ ವೇಗ ರೂಢಿಯಾಗಿದೆ. ಆದರೆ ಮೈ ಇಳಿಸುವುದರಲ್ಲಿ ವೇಗ ಸಲ್ಲದು. ಪ್ರೋಟೀನ್ ದ್ರವವನ್ನಷ್ಟೇ ಕುಡಿದು ತೆಳ್ಳಗಾಗಹೊರಟ ಹಲವರು 1977ರ ಸುಮಾರಿಗೆ ಅಮೆರಿಕದಲ್ಲಿ ಹೃದಯದ ಬಡಿತ ತಪ್ಪಿ ಮಡಿದರು.

ವಾರಕ್ಕೆ ಒಂದೂವರೆ ಕಿಲೋಗ್ರಾಂಗಿಂತ ಹೆಚ್ಚು ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಭಯ ಹೆಚ್ಚು. ಕರಗಿದ ಕೊಬ್ಬಿನ ಕೊಲೆಸ್ಟರಾಲ್ ಪಿತ್ತವನ್ನು ಸೇರುತ್ತದೆ. ಊಟವಿಲ್ಲದೆ ಪಿತ್ತ ಅಲ್ಲಿಯೇ ನಿಲ್ಲುತ್ತದೆ. ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ.

ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಬೇಳೆ, ಮೊಸರು, ಸೊಪ್ಪು ಊಟದಲ್ಲಿರಲಿ. ತೂಕ ಇಳಿದಂತೆ ಮಧುಮೇಹ, ರಕ್ತದೊತ್ತಡಗಳ ಔಷಧದ ಪ್ರಮಾಣವನ್ನು ವೈದ್ಯರಿಂದ ಪರಿಶೀಲಿಸಿಕೊಳ್ಳಬೇಕು. ಇಲ್ಲವಾದರೆ ತಲೆಸುತ್ತಿ ಬೀಳುವುದುಂಟು. ದೀರ್ಘ ಉಪವಾಸದ ಬಳಿಕ ಒಮ್ಮೆಲೇ ಹೊಟ್ಟೆತುಂಬ ಉಣ್ಣುವುದೂ ಪ್ರಾಣಕ್ಕೆ ಎರವಾದೀತು.