ಬೆವರು ಆರಿದರೆ ಮೈ ತಂಪು

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಕ್ಕೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಇಂಥದೊಂದು ವೇಳಾಪಟ್ಟಿ ಮನೆಗೂ ಬೇಕು: ಹೊಲ, ಸಂತೆ, ಆಸ್ಪತ್ರೆಯ ಕೆಲಸ ಬೆಳಿಗ್ಗೆಯೇ ಮುಗಿಯಲಿ, ಮಧ್ಯಾಹ್ನ 12ರಿಂದ 3ರವರೆಗೆ ನೆರಳು ಬಿಡುವುದು ಬೇಡ.

ಮೈ ತಣಿಯುವ ಬಗೆ

ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಕಾವು ತಾನಾಗಿ ಹೊರಗೆ ಹೋಗುತ್ತದೆ. ಗಾಳಿಯೇ ಹೆಚ್ಚು ಬಿಸಿಯಾದಾಗ ಉಳಿಯುವ ದಾರಿ ಒಂದೇ, ಬೆವರು. ಬೆವರು ಆವಿಯಾಗುವಾಗ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ಸುರಿದು ನೆಲಕ್ಕೆ ಬಿದ್ದ ಬೆವರಿನಿಂದ ಈ ಲಾಭವಿಲ್ಲ; ಅದು ಮೈಮೇಲೆಯೇ ಆರಬೇಕು. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಹಾಗಾಗಿ ಅಲ್ಲಿ ಕಡಿಮೆ ಬಿಸಿಲೂ ಹೆಚ್ಚು ಕಾಡುತ್ತದೆ. ಬಿಸಿಗಾಳಿ ಘೋಷಿಸಲು ಹವಾಮಾನ ಇಲಾಖೆ ಬಯಲು ನಾಡಿಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಎಂದು ಬೇರೆ ಬೇರೆ ಮಿತಿ ಇಟ್ಟಿರುವುದೂ ಇದಕ್ಕೆ ಹೊಂದುತ್ತದೆ.

ಫ್ಯಾನು ಕೂಡ ಬೆವರು ಆರಿಸಿಯೇ ತಂಪು ಕೊಡುತ್ತದೆ. ಕೋಣೆಯ ಬಿಸಿ 40 ಡಿಗ್ರಿ ದಾಟಿದರೆ ಒಣಮೈಗೆ ಅದು ಬಿಸಿಗಾಳಿಯನ್ನೇ ಬೀಸುತ್ತದೆ. ಆಗ ಕೈಕಾಲು, ಕುತ್ತಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿರಬೇಕು.

ಯಾರ ಮೇಲೆ ಕಣ್ಣಿಡಬೇಕು?

ವಯಸ್ಸಾದವರಿಗೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ, ಬೆವರುವುದೂ ಕಡಿಮೆ. ಅಜ್ಜ ಅಜ್ಜಿ ಕೇಳಲಿ ಎಂದು ಕಾಯದೆ ಆಗಾಗ ಲೋಟ ಕೈಗೆ ಕೊಡಿ. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ನೀರು, ಉಪ್ಪು ಎಷ್ಟಿರಬೇಕೆಂದು ಬೇಸಿಗೆಗೆ ಮುಂಚೆಯೇ ವೈದ್ಯರನ್ನು ಕೇಳಿಡಿ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ಎದೆಹಾಲೇ ಸಾಕು. ಹೆಚ್ಚು ಸಲ ಕುಡಿಸಿ, ತಾಯಿಯೂ ನೀರು ಕುಡಿಯಲಿ. ನಿಲ್ಲಿಸಿದ ಕಾರಿನೊಳಗೆ ಮಕ್ಕಳನ್ನು ಒಂದು ಗಳಿಗೆಯೂ ಬಿಡಬಾರದು. ರಜೆಯಲ್ಲಿ ಕೆರೆ, ಬಾವಿ, ಕಾಲುವೆಗೆ ಈಜಲು ಹೊರಟ ಮಕ್ಕಳ ಜೊತೆ ಈಜು ಬಲ್ಲ ದೊಡ್ಡವರೊಬ್ಬರು ಇರಲೇಬೇಕು.

ಏನು ಕುಡಿಯಬೇಕು?

ಬೆವರಿನೊಂದಿಗೆ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಎರಡನ್ನೂ ತುಂಬಿಕೊಡುತ್ತವೆ. ವಾಂತಿ, ಭೇದಿ ಆದರೆ ಓ.ಆರ್.ಎಸ್. ಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಕಲಸಿ, 24 ಗಂಟೆಯೊಳಗೆ ಮುಗಿಸಿ. ಪೊಟ್ಟಣ ಸಿಗದಿದ್ದರೆ ಅಷ್ಟೇ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಆದ್ದರಿಂದ ಕೈಅಂದಾಜು ಬೇಡ.

ದಣಿವೋ, ಬಿಸಿಲಾಘಾತವೋ?

ತಲೆಸುತ್ತು, ಸುಸ್ತು, ವಾಕರಿಕೆ ಇದ್ದು ಮಾತು ನೆಟ್ಟಗಿದ್ದರೆ ಅದು ಬಿಸಿಲಿನ ದಣಿವು. ನೆರಳಲ್ಲಿ ಮಲಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಗುರುತು ತಪ್ಪಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ಹೋದರೆ ಬಿಸಿಲಾಘಾತವೆಂದೇ ತಿಳಿಯಿರಿ. ಮೈ ಒಣಗಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವರು ಬೆವರುತ್ತಲೇ ಬೀಳಬಹುದು.

ಜ್ವರದಲ್ಲಿ ಮೈಯ ಬಿಸಿಯನ್ನು ಏರಿಸುವುದು ಮಿದುಳೇ, ಹಾಗಾಗಿ ಪ್ಯಾರಾಸಿಟಮಾಲ್ ಅದನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ತಣಿಸುವ ವ್ಯವಸ್ಥೆಯೇ ಸೋತಿರುತ್ತದೆ; ಮಾತ್ರೆ ಕೆಲಸಕ್ಕೆ ಬಾರದು. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು, ಜೋರಾಗಿ ಗಾಳಿ ಬೀಸಲಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಇಳಿದೀತು. ಆಂಬುಲೆನ್ಸ್ ಬಂದ ಮೇಲೆ ನೋಡೋಣ ಎಂದು ಕೂರುವಂತಿಲ್ಲ. ತಣಿಸುವುದು ತಡವಾದಷ್ಟೂ ಮಿದುಳಿಗೆ ಹಾನಿ ಹೆಚ್ಚು, ಆ ಮೊದಲ ಚಿಕಿತ್ಸೆ ಮನೆಯವರ ಕೈಯಲ್ಲೇ ಇದೆ.