ಕಡಲ ಮೇಲಿನ ಕ್ಯಾಮೆರಾ ಪಾಳಿ

ಅಮೆರಿಕದ ನೌಕಾಪಡೆಯಲ್ಲಿ ಕ್ಯಾಮೆರಾ ಹಿಡಿಯುವ ನಾವಿಕರ ಹುದ್ದೆಯ ಹೆಸರು ಮಾಸ್ ಕಮ್ಯುನಿಕೇಶನ್ ಸ್ಪೆಷಲಿಸ್ಟ್. ಹಡಗಿನ ಮೇಲೆ ಅಷ್ಟುದ್ದ ಯಾರೂ ಹೇಳುವುದಿಲ್ಲ; ಎಂ.ಸಿ. ಎಂದರೆ ಮುಗಿಯಿತು. 2006ಕ್ಕೆ ಮುಂಚೆ ಛಾಯಾಗ್ರಾಹಕರು, ಪತ್ರಕರ್ತರು, ಮುದ್ರಕರು, ರೇಖಾಚಿತ್ರಕಾರರು ಎಂದು ನಾಲ್ಕು ಬೇರೆ ಬೇರೆ ವರ್ಗಗಳಿದ್ದವು. ಆ ವರ್ಷದ ಜುಲೈಯಲ್ಲಿ ನಾಲ್ಕನ್ನೂ ಕೂಡಿಸಿ ಒಂದೇ ಹುದ್ದೆ ಮಾಡಿದರು. ಅಂದಿನಿಂದ ಫೋಟೊ ತೆಗೆದವರೇ ವರದಿ ಬರೆಯಬೇಕು, ವಿಡಿಯೊ ಜೋಡಿಸಬೇಕು, ಹಡಗಿನ ಪತ್ರಿಕೆಯ ಪುಟ ಕಟ್ಟಬೇಕು, ನೋಟಿಸು, ಫಾರಂಗಳನ್ನೂ ಅಚ್ಚು ಹಾಕಬೇಕು. ಸೇನೆಯ ಛಾಯಾಗ್ರಾಹಕ ಎಂದೊಡನೆ ಹೊಗೆ, ಗುಂಡು, ಓಟ ಕಣ್ಣಿಗೆ ಕಟ್ಟುತ್ತವೆ. ತಿಂಗಳುಗಟ್ಟಲೆ ಪರದೇಶದ ಕಡಲಲ್ಲಿರುವ ವಿಮಾನವಾಹಕ ನೌಕೆಯಲ್ಲಿ ಮಾತ್ರ ಈ ಕೆಲಸದ ಬಹುಪಾಲು ದಾಖಲೆ ಇಡುವ ಕೆಲಸ. ಕ್ಯಾಮೆರಾ ಹಿಡಿದಷ್ಟೇ ಹೊತ್ತು ಕೀಲಿಮಣೆಯ ಮುಂದೆಯೂ ಕಳೆಯುತ್ತದೆ.

ಅಮೆರಿಕದ ನೌಕಾಪಡೆಗೆ ಕ್ಯಾಮೆರಾದ ರುಚಿ ಹತ್ತಿಸಿದವನು ಒಬ್ಬ ಅಡುಗೆಯವನು. ಮೊದಲ ಮಹಾಯುದ್ಧದ ಹೊತ್ತಿಗೆ ಫ್ಲಾರಿಡಾದ ಪೆನ್ಸಕೋಲಾ ವಿಮಾನ ನೆಲೆಯಲ್ಲಿದ್ದ ವಾಲ್ಟರ್ ರಿಚರ್ಡ್‌ಸನ್ ಹಡಗಿನ ಬಾಣಸಿಗ. ಫೋಟೊ ತೆಗೆಯುವುದು ಅವನ ಹವ್ಯಾಸ. ಸೌಟು ಬಿಟ್ಟು ಕ್ಯಾಮೆರಾ ಹಿಡಿದ ಆತನೇ ನೌಕಾಪಡೆಯ ಮೊದಲ ಅಧಿಕೃತ ಛಾಯಾಗ್ರಾಹಕನಾದ. ಎರಡನೆಯ ಮಹಾಯುದ್ಧದಲ್ಲಿ ಈ ಕೆಲಸಕ್ಕೆ ಘನತೆ ತಂದವನು ಎಡ್ವರ್ಡ್ ಸ್ಟೈಖನ್. 1942ರಲ್ಲಿ ಅರವತ್ತೆರಡರ ವಯಸ್ಸಿನಲ್ಲಿ ಸಮವಸ್ತ್ರ ತೊಟ್ಟ ಆತ, ಪತ್ರಿಕೆಗಳಲ್ಲಿ ಪಳಗಿದ ಛಾಯಾಗ್ರಾಹಕರ ಚಿಕ್ಕ ತಂಡವೊಂದನ್ನು ಕಟ್ಟಿದ. ವಿಮಾನ, ಫಿರಂಗಿಗಳಿಗಿಂತ ಅವುಗಳ ಸುತ್ತ ದುಡಿಯುವ ಹುಡುಗರ ಮುಖ ಮುಖ್ಯ ಎಂಬುದು ಅವನ ಪಾಠ. 1943ರ ಕೊನೆಯಲ್ಲಿ ಆತ ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ನೌಕೆಯಲ್ಲಿದ್ದಾಗ ಅದಕ್ಕೆ ಜಪಾನಿನ ಟಾರ್ಪಿಡೊ ಬಡಿಯಿತು. ಆ ಯಾನದ ಚಿತ್ರ ಮತ್ತು ಬರಹಗಳು 1947ರಲ್ಲಿ ‘ದ ಬ್ಲೂ ಘೋಸ್ಟ್’ ಎಂಬ ಪುಸ್ತಕವಾದವು. ಹೊಳೆಯುವ ಯಂತ್ರದ ಪಕ್ಕದಲ್ಲಿ ಬೆವರಿದ ಮುಖ ಹುಡುಕುವ ಅಭ್ಯಾಸ ಇಂದಿನ ನೌಕಾ ಛಾಯಾಚಿತ್ರಗಳಲ್ಲೂ ಉಳಿದಿದೆ.

ಎಂ.ಸಿ. ಆಗಬಯಸುವವರು ಮೊದಲು ಇಲಿನಾಯ್ ರಾಜ್ಯದ ಗ್ರೇಟ್ ಲೇಕ್ಸ್‌ನಲ್ಲಿ ಎಲ್ಲ ನಾವಿಕರಂತೆ ಕವಾಯತು, ಈಜು, ಬೆಂಕಿ ನಂದಿಸುವುದನ್ನು ಕಲಿಯುತ್ತಾರೆ. ಅಲ್ಲಿಂದ ಮೇರಿಲ್ಯಾಂಡ್‌ನ ಫೋರ್ಟ್ ಮೀಡ್‌ನಲ್ಲಿರುವ ಡಿಫೆನ್ಸ್ ಇನ್ಫರ್ಮೇಶನ್ ಸ್ಕೂಲ್‌ಗೆ ಹೋಗುತ್ತಾರೆ. ಭೂಸೇನೆ, ವಾಯುಪಡೆ, ನೌಕಾಪಡೆಗಳ ಕ್ಯಾಮೆರಾದವರೆಲ್ಲ ಕಲಿಯುವುದು ಅಲ್ಲೇ. ಬೆಳಕು, ಚೌಕಟ್ಟುಗಳ ಪಾಠದಷ್ಟೇ ಕಟ್ಟುನಿಟ್ಟಾಗಿ ಅಲ್ಲಿ ಅಡಿಬರಹದ ವ್ಯಾಕರಣವನ್ನೂ ಕಲಿಸುತ್ತಾರೆ. ಇದು ಯಾಕೆಂದು ಹಡಗು ಹತ್ತಿದ ಮೇಲೆ ತಿಳಿಯುತ್ತದೆ.

ನಿಮಿಟ್ಸ್ ವರ್ಗದ ವಿಮಾನವಾಹಕ ನೌಕೆಯ ಉದ್ದ ಸುಮಾರು 333 ಮೀಟರ್; ವಿಮಾನಪಡೆಯವರೂ ಸೇರಿದರೆ ಅದರಲ್ಲಿ ಐದು ಸಾವಿರದಷ್ಟು ಜನ. ಮಾಧ್ಯಮ ವಿಭಾಗದವರು ಅದರಲ್ಲಿ ನೂರಕ್ಕೆ ಒಬ್ಬರೂ ಇರುವುದಿಲ್ಲ. ಪರದೇಶದ ನಿಯೋಜನೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಹೇಳಿದ ದಿನಕ್ಕೆ ಮರಳುತ್ತದೆಂಬ ಖಾತರಿ ಇಲ್ಲ. ಅಬ್ರಹಾಂ ಲಿಂಕನ್ ನೌಕೆ 2019ರಲ್ಲಿ ಹೊರಟು 295 ದಿನಗಳ ಬಳಿಕ 2020ರ ಜನವರಿಯಲ್ಲಿ ದಡ ಸೇರಿತು. ಅದೇ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನಿಂದ ಹೊರಟ ನಿಮಿಟ್ಸ್ ಅಲ್ಲಿಗೆ ಮರಳಿದ್ದು 2021ರ ಮಾರ್ಚ್‌ನಲ್ಲಿ. ಮನೆಗೆ ಹೊರಡಲು ಆದೇಶವಾಗಿದ್ದ ಹಡಗನ್ನು ಜನವರಿ ಮೊದಲ ವಾರದಲ್ಲಿ ಇರಾನಿನ ಜೊತೆಗಿನ ಬಿಗುವಿನ ಕಾರಣ ಕೊಟ್ಟು ಮತ್ತೆ ತಡೆಹಿಡಿದಿದ್ದರು. ಸೋಂಕಿನ ಭಯದಿಂದ ಬಂದರಿನ ಊರುಗಳಲ್ಲಿ ಅಡ್ಡಾಡುವ ಅವಕಾಶವೂ ಇರಲಿಲ್ಲ. ಹತ್ತು ತಿಂಗಳಿಗೂ ಹೆಚ್ಚು ಕಾಲ ಅದೇ ಡೆಕ್, ಅದೇ ಓಣಿ, ಅದೇ ಮುಖ. ಹೊಸ ಚಿತ್ರ ಹುಡುಕಬೇಕಾದವರ ಪಾಲಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇರಲಾರದು.

ಕೆಲಸ ಹನ್ನೆರಡು ಗಂಟೆಗಳ ಎರಡು ಪಾಳಿಗಳಲ್ಲಿ ನಡೆಯುತ್ತದೆ. ಮಲಗುವುದು ಒಂದರ ಮೇಲೊಂದು ಮೂರು ಅಂತಸ್ತಿನ ಮಂಚಗಳಲ್ಲಿ. ಹಾಸಿಗೆಯ ಅಡಿಯ ಪೆಟ್ಟಿಗೆಯೇ ಬೀರು, ಒಂದು ಪರದೆಯೇ ಬಾಗಿಲು. ಪಾಳಿ ಶುರುವಾಗುವಾಗ ಹಾಜರಿ, ಆಮೇಲೆ ಕೆಲಸದ ಹಂಚಿಕೆ. ಎಂ.ಸಿ.ಗಳಿಗೆ ಕ್ಯಾಮೆರಾ ಇದೆಯೆಂದು ಉಳಿದ ಕೆಲಸ ತಪ್ಪುವುದಿಲ್ಲ; ಓಣಿ ಗುಡಿಸಬೇಕು, ಬೆಂಕಿ ನಂದಿಸುವ ತಾಲೀಮಿಗೆ ಓಡಬೇಕು, ದಿನಸಿ ಬಂದ ದಿನ ಸಾಲಿನಲ್ಲಿ ನಿಂತು ಪೆಟ್ಟಿಗೆ ದಾಟಿಸಬೇಕು. ರಾತ್ರಿ ಪಾಳಿಯವರಿಗೆ ನಡುರಾತ್ರಿಯಲ್ಲೊಂದು ಊಟವಿದೆ, ಅದಕ್ಕೆ ಮಿಡ್‌ರ‍್ಯಾಟ್ಸ್ ಎನ್ನುತ್ತಾರೆ.

ಬೆಳಗಿನ ಕೆಲಸ ಪಟ್ಟಣದ ಸ್ಟುಡಿಯೊವನ್ನು ಹೋಲುತ್ತದೆ. ಸಮವಸ್ತ್ರದ ಭಾವಚಿತ್ರ, ಗುರುತುಪತ್ರದ ಚಿತ್ರ, ಸೇವಾವಧಿ ಮುಂದುವರಿಸುವ ಪ್ರಮಾಣವಚನ, ಪದಕ ಪ್ರದಾನ. ಒಂದು ಕೈಯಲ್ಲಿ ಪ್ರಶಸ್ತಿಪತ್ರ ಹಿಡಿದು ಇನ್ನೊಂದು ಕೈ ಕುಲುಕಿ ಇಬ್ಬರು ನಗುವ ಚಿತ್ರವನ್ನು ಎಂ.ಸಿ.ಗಳು ತಮ್ಮತಮ್ಮಲ್ಲಿ ಗೇಲಿ ಮಾಡುವುದುಂಟು. ಪ್ರಶಸ್ತಿ ಪಡೆದ ನಾವಿಕನ ಮನೆಯಲ್ಲಿ ಗೋಡೆಗೆ ಏರುವುದು ಮಾತ್ರ ಅದೇ ಚಿತ್ರ. ಯಂತ್ರ ಒಡೆದರೆ, ಯಾರಿಗಾದರೂ ಪೆಟ್ಟಾದರೆ ತನಿಖೆಗೆ ಬೇಕಾದ ಚಿತ್ರಗಳನ್ನೂ ಇವರೇ ತೆಗೆಯುತ್ತಾರೆ. ಅಳತೆಪಟ್ಟಿ ಇಟ್ಟು, ನೇರ ಕೋನದಿಂದ, ಅಲಂಕಾರವಿಲ್ಲದೆ ತೆಗೆದ ಆ ಚಿತ್ರಗಳು ಹೊರಗೆ ಬರುವುದಿಲ್ಲ.

ಎಲ್ಲರೂ ಕಾಯುವ ಕೆಲಸ ವಿಮಾನಗಳ ಡೆಕ್ಕಿನದು. ಹಡಗಿನಲ್ಲಿ ಅತ್ಯಂತ ಅಪಾಯದ ಜಾಗವೂ ಅದೇ. ಉಗಿಬಲದ ಕ್ಯಾಟಪಲ್ಟ್ ಯುದ್ಧವಿಮಾನವನ್ನು ಎರಡು ಮೂರು ಸೆಕೆಂಡಿನಲ್ಲಿ ಗಂಟೆಗೆ 250 ಕಿ.ಮೀ.ಗೂ ಮೀರಿದ ವೇಗಕ್ಕೆ ತಳ್ಳುತ್ತದೆ. ಇಳಿಯುವ ವಿಮಾನವನ್ನು ಡೆಕ್ಕಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗ ಹಿಡಿದು ನಿಲ್ಲಿಸುತ್ತದೆ. ಮಾತು ಕೇಳಿಸದ ಸದ್ದಿನಲ್ಲಿ ಯಾರು ಯಾರೆಂದು ತಿಳಿಯುವುದು ಅಂಗಿಯ ಬಣ್ಣದಿಂದ. ಹಳದಿ ತೊಟ್ಟವರು ವಿಮಾನಗಳಿಗೆ ದಾರಿ ತೋರುವವರು, ನೇರಳೆಯವರು ಇಂಧನ ತುಂಬುವವರು, ಕೆಂಪಿನವರು ಬಾಂಬು, ಕ್ಷಿಪಣಿ ನೋಡುವವರು. ನಿಯಮದ ಪ್ರಕಾರ ಛಾಯಾಗ್ರಾಹಕರದು ಕ್ಯಾಟಪಲ್ಟ್ ಸಿಬ್ಬಂದಿಯಂತೆ ಹಸಿರು. ಕಿವಿಯೊಳಗೆ ಬಿರಡೆ, ಅದರ ಮೇಲೆ ಕಿವಿಮುಚ್ಚಿರುವ ಹೆಲ್ಮೆಟ್, ಕನ್ನಡಕ, ನೀರಿಗೆ ಬಿದ್ದರೆ ತೇಲಿಸುವ ಜಾಕೆಟ್ಟು ಕಡ್ಡಾಯ. ಇಷ್ಟೆಲ್ಲ ತೊಟ್ಟು ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ಪಕ್ಕದಲ್ಲಿ ಬರುವ ವಿಮಾನ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಹೊಸಬರ ಹಿಂದೆ ಹಳಬರೊಬ್ಬರು ಅಂಗಿ ಹಿಡಿದು ನಿಲ್ಲುವುದು ಇದೇ ಕಾರಣಕ್ಕೆ.

ವಿಮಾನ ಹಾರುವ ಮುಂಚೆ ಡೆಕ್ಕಿನ ಮೇಲಿರುವವರು ಸಾಲಾಗಿ ತಲೆ ತಗ್ಗಿಸಿ ನಡೆಯುತ್ತ ನೆಲ ಹುಡುಕುತ್ತಾರೆ. ಒಂದು ಬೋಲ್ಟು, ತಂತಿಯ ತುಣುಕು ಸಾಕು, ಎಂಜಿನ್ ಎಳೆದುಕೊಂಡರೆ ಮುಗಿಯಿತು. ಆದ್ದರಿಂದ ಛಾಯಾಗ್ರಾಹಕರು ಲೆನ್ಸಿನ ಮುಚ್ಚಳವನ್ನು ಕೆಳಗೇ ಬಿಟ್ಟು ಬರುತ್ತಾರೆ, ಡೆಕ್ಕಿನ ಮೇಲೆ ಲೆನ್ಸ್ ಬದಲಿಸುವ ಗೋಜಿಗೆ ಹೋಗುವುದಿಲ್ಲ. ಒಂದು ಅಗಲ ನೋಟದ ಜೂಮ್, ಒಂದು ದೂರದ ಜೂಮ್, ಎರಡು ಕ್ಯಾಮೆರಾಗಳಿಗೆ ಹಾಕಿ ಎರಡನ್ನೂ ಮೈಗೆ ಬಿಗಿದುಕೊಂಡರೆ ನಡೆಯುತ್ತದೆ. ಉಪ್ಪುಗಾಳಿ, ಉಗಿ, ಎಂಜಿನ್ನಿನ ಹೊಗೆ ಮೂರೂ ಸೇರಿ ಗಾಜಿನ ಮೇಲೆ ಜಿಡ್ಡು ಹಿಡಿಸುತ್ತವೆ. ಪಾಳಿ ಮುಗಿದ ಮೇಲೆ ಒರೆಸುವುದೇ ಒಂದು ಕೆಲಸ. ರಾತ್ರಿ ಫ್ಲಾಶ್ ಬೆಳಗಿಸುವಂತಿಲ್ಲ, ಪೈಲಟ್‌ಗಳ ಕಣ್ಣು ಕೋರೈಸುತ್ತದೆ. ಅಲುಗುವ ಹಡಗಿನ ಮೇಲೆ ಹೆಚ್ಚು ಹೊತ್ತು ಶಟರ್ ತೆರೆದಿಡಲೂ ಆಗದು. ಎಂಜಿನ್ನಿನ ಹಿಂದಿನ ಬೆಂಕಿಯ ನಾಲಿಗೆಯನ್ನೇ ಬೆಳಕಾಗಿ ಬಳಸಿಕೊಂಡ ರಾತ್ರಿ ಚಿತ್ರಗಳು ಈ ವೃತ್ತಿಯ ಕಸುಬುದಾರಿಕೆಗೆ ಒಳ್ಳೆಯ ಉದಾಹರಣೆ.

ಡೆಕ್ಕಿನಿಂದ ಇಳಿದ ಮೇಲೆ ನಿಜವಾದ ಕೆಲಸ ಶುರು. ನೂರಾರು ಚಿತ್ರಗಳಿಂದ ಬೆರಳೆಣಿಕೆಯಷ್ಟನ್ನು ಆರಿಸಬೇಕು. ಉಪಗ್ರಹದ ಸಂಪರ್ಕ ಇಕ್ಕಟ್ಟಾದದ್ದು, ಎಲ್ಲವನ್ನೂ ಕಳಿಸಲಾಗದು. ಆರಿಸಿದ ಪ್ರತಿ ಚಿತ್ರಕ್ಕೂ ಒಂದು ದಾಖಲೆ ಸಂಖ್ಯೆ. ಆರಂಕಿಯ ದಿನಾಂಕ, ನೌಕಾಪಡೆಗೆ ಎನ್ ಅಕ್ಷರ, ಛಾಯಾಗ್ರಾಹಕರ ಗುರುತು, ಕ್ರಮಸಂಖ್ಯೆ, ಈ ವರಸೆ ಬದಲಾಗುವುದಿಲ್ಲ. ಆಮೇಲೆ ಅಡಿಬರಹ: ಮೊದಲು ಸಮುದ್ರದ ಹೆಸರು, ಆವರಣದಲ್ಲಿ ದಿನಾಂಕ, ಚಿತ್ರದಲ್ಲಿರುವವರ ದರ್ಜೆ, ಪೂರ್ತಿ ಹೆಸರು, ಊರು, ಅವರು ಮಾಡುತ್ತಿರುವ ಕೆಲಸ, ಕೊನೆಗೆ ಹಡಗು ಆ ಕಡಲಲ್ಲಿ ಯಾಕಿದೆ ಎಂಬ ಒಂದು ವಾಕ್ಯ. ಊರಿನ ಹೆಸರು ಬೇಕಾಗುವುದು ಆ ಊರಿನ ಪತ್ರಿಕೆಗಾಗಿ. ಸದ್ದಿನ ನಡುವೆ, ಮುಖವೆಲ್ಲ ಮುಚ್ಚಿದವರ ಹೆಸರನ್ನು ಕೇಳಿ ಬರೆದುಕೊಳ್ಳುವುದು ಚಿತ್ರ ತೆಗೆಯುವುದಕ್ಕಿಂತ ಕಷ್ಟ.

ಈ ಕಟ್ಟುನಿಟ್ಟು ಅತಿಯೆನಿಸಿದರೆ 1942ರ ಆಗಸ್ಟ್ 24ರ ಒಂದು ಚಿತ್ರವನ್ನು ನೋಡಬೇಕು. ಪೂರ್ವ ಸಾಲೊಮನ್ ದ್ವೀಪಗಳ ಕದನದಲ್ಲಿ ಎಂಟರ್‌ಪ್ರೈಸ್ ನೌಕೆಯ ಡೆಕ್ಕಿನ ಮೇಲೆ ಬಾಂಬು ಸಿಡಿದ ಕ್ಷಣದ ಚಿತ್ರ ಅದು. ರಾಬರ್ಟ್ ರೀಡ್ ಎಂಬ ಛಾಯಾಗ್ರಾಹಕ ಅದನ್ನು ತೆಗೆದು ಅದೇ ಸ್ಫೋಟಕ್ಕೆ ಬಲಿಯಾದ ಎಂದು ಬಹುಕಾಲ ನಂಬಿದ್ದರು. ರೀಡ್ ಆ ದಿನ ಸತ್ತದ್ದು ನಿಜ, ಆದರೆ ಬೇರೆ ಬಾಂಬಿಗೆ, ಬೇರೆ ಜಾಗದಲ್ಲಿ. ಚಿತ್ರವು ಮೇರಿಯನ್ ರೈಲಿ ಎಂಬಾತ ತೆಗೆದ ಚಲನಚಿತ್ರದ ಒಂದು ಚೌಕಟ್ಟು ಎಂಬುದು ಆಮೇಲೆ ಇತ್ಯರ್ಥವಾಯಿತು, ರೈಲಿ ಬದುಕಿದ್ದ.

ಅಡಿಬರಹ ಮುಗಿದ ಚಿತ್ರ ಸಾರ್ವಜನಿಕ ಸಂಪರ್ಕ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಭದ್ರತೆ, ನಿಖರತೆ, ನೀತಿ, ಔಚಿತ್ಯ ಎಂಬ ನಾಲ್ಕು ಒರೆಗಲ್ಲುಗಳಿಗೆ ಅದು ನಿಲ್ಲಬೇಕು. ರಾಡಾರ್ ಪರದೆ, ಗುರುತುಪತ್ರ, ಗೋಡೆಗೆ ಅಂಟಿಸಿದ ವೇಳಾಪಟ್ಟಿ ಕಂಡರೆ ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಯಾರಾದರೂ ಕನ್ನಡಕ ಹಾಕಿಲ್ಲದಿದ್ದರೆ, ಹೆಲ್ಮೆಟ್ಟಿನ ಪಟ್ಟಿ ಬಿಗಿದಿಲ್ಲದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಹೊರಗೆ ಹೋಗದು. ಬೆಳಕು, ಬಣ್ಣ ತಿದ್ದಬಹುದು, ಅಂಚು ಕತ್ತರಿಸಬಹುದು. ಇದ್ದದ್ದನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ನಿಷಿದ್ಧ. ಹೀಗೆ ಸೋಸಿದ್ದು ರಕ್ಷಣಾ ಇಲಾಖೆಯ ಚಿತ್ರ ವಿತರಣಾ ಜಾಲಕ್ಕೆ ಏರುತ್ತದೆ. ಅಮೆರಿಕದ ಕಾನೂನಿನಂತೆ ಸರ್ಕಾರಿ ನೌಕರರು ಕರ್ತವ್ಯದ ಭಾಗವಾಗಿ ತೆಗೆದ ಚಿತ್ರಕ್ಕೆ ಆ ದೇಶದಲ್ಲಿ ಹಕ್ಕುಸ್ವಾಮ್ಯವಿಲ್ಲ, ಯಾವ ಪತ್ರಿಕೆ ಬೇಕಾದರೂ ಅಚ್ಚು ಹಾಕಬಹುದು. ನೋಡುವವರು ಒಂದು ಮಾತು ನೆನಪಿಡಬೇಕು: ಈ ಚಿತ್ರಗಳಲ್ಲಿ ಸುಳ್ಳು ಇರುವುದಿಲ್ಲ, ಆದರೆ ಹಡಗಿನ ಬೇಸರ, ಜಗಳ, ತುಕ್ಕು ಕೂಡ ಇರುವುದಿಲ್ಲ. ಕೆಲವೊಮ್ಮೆ ಹಡಗು ಎಲ್ಲಿದೆಯೆಂದು ತಿಳಿಯಬಾರದಾದಾಗ ನಾವಿಕರ ಇಂಟರ್‌ನೆಟ್ಟನ್ನೇ ಮುಚ್ಚಿಬಿಡುತ್ತಾರೆ. ಮನೆಯವರಿಗೆ ಹಡಗಿನ ಜಾಲಪುಟದಲ್ಲಿ ಕಾಣುವ ಚಿತ್ರವೇ ಆಗ ಸಮಾಚಾರ.

ಇನ್ನೊಂದು ಬಗೆಯ ಚಿತ್ರಣ ಬೇಹಿಗೆ ಹತ್ತಿರದ್ದು. ಹರ್ಮುಜ್ ಜಲಸಂಧಿಯಂಥ ಇಕ್ಕಟ್ಟಿನಲ್ಲಿ ಅಪರಿಚಿತ ದೋಣಿ, ವಿಮಾನ ಹತ್ತಿರ ಬಂದರೆ ಧ್ವನಿವರ್ಧಕದಲ್ಲಿ ‘ಸ್ನೂಪಿ’ ತಂಡಕ್ಕೆ ಕರೆ ಬರುತ್ತದೆ. ಕ್ಯಾಮೆರಾ ಹಿಡಿದವರು ನಿದ್ದೆಯಲ್ಲಿದ್ದರೂ ಎದ್ದು ಓಡಿ, ಬಂದದ್ದರ ಆಕಾರ, ಆಯುಧ, ದಾರಿಗಳನ್ನು ಸೆರೆಹಿಡಿಯಬೇಕು. ನಾಳೆ ಯಾರು ಯಾರನ್ನು ಕೆಣಕಿದರು ಎಂಬ ವಾದ ಎದ್ದರೆ ಈ ಚಿತ್ರಗಳೇ ಸಾಕ್ಷಿ.

ಜಂಟಿ ತಾಲೀಮುಗಳು ಬಂದಾಗ ಏಕತಾನತೆ ಮುರಿಯುತ್ತದೆ. 2020ರ ನವೆಂಬರ್ 17ರಿಂದ 20ರವರೆಗೆ ಅರಬ್ಬಿ ಸಮುದ್ರದಲ್ಲಿ ನಡೆದ ಮಲಬಾರ್ ತಾಲೀಮಿನ ಎರಡನೆಯ ಹಂತದಲ್ಲಿ ನಿಮಿಟ್ಸ್ ಮತ್ತು ಭಾರತದ ವಿಕ್ರಮಾದಿತ್ಯ ಜೊತೆಗೂಡಿದವು. ವಿಕ್ರಮಾದಿತ್ಯದ ನೆಲೆ ಕಾರವಾರದ ಕದಂಬ ನೌಕಾನೆಲೆ. ಎರಡು ವಿಮಾನವಾಹಕಗಳು ಜೊತೆಜೊತೆಗೆ ಸಾಗುವ ಇಂಥ ಚಿತ್ರ ತೆಗೆಯಲು ಹೆಲಿಕಾಪ್ಟರ್ ಬೇಕು, ತೆರೆದ ಬಾಗಿಲಲ್ಲಿ ಪಟ್ಟಿ ಬಿಗಿದು ಕೂರುವ ಧೈರ್ಯ ಬೇಕು. ಹಡಗುಗಳು ಒಟ್ಟಿಗೆ ನಿಲ್ಲುವ ಹೊತ್ತು ಸ್ವಲ್ಪವೇ. ಅಷ್ಟರಲ್ಲಿ ಬಿಸಿಲು ಯಾವ ಕಡೆಗಿದೆಯೋ ಅದಕ್ಕೆ ಹೊಂದಿಕೊಳ್ಳಬೇಕು.

ಡೆಕ್ಕಿನ ಗದ್ದಲ ನಿಲ್ಲುವ ದಿನಗಳಲ್ಲಿ ಬೇರೆ ಕೆಲಸವಿದೆ. ಬಂದರು ಕಾಣದೆ 45 ದಿನ ಕಳೆದರೆ ಪ್ರತಿಯೊಬ್ಬರಿಗೂ ಎರಡು ಬಿಯರ್ ಕೊಡುವ ಪದ್ಧತಿ ಅಮೆರಿಕದ ನೌಕಾಪಡೆಯಲ್ಲಿದೆ. ಆ ದಿನದ ಡೆಕ್ಕಿನ ಮೇಲಿನ ಊಟ, ಆಟಗಳನ್ನು ಎಂ.ಸಿ.ಗಳು ಖುಷಿಯಿಂದ ತೆಗೆಯುತ್ತಾರೆ. ನಿವೃತ್ತ ನಾವಿಕರ ಚಿತಾಭಸ್ಮವನ್ನು ಕಡಲಿಗೆ ಬಿಡುವ ಸಂಸ್ಕಾರವೂ ನಿಯೋಜನೆಯ ನಡುವೆಯೇ ನಡೆಯುತ್ತದೆ. ಮನೆಯವರು ಹಡಗಿಗೆ ಬರುವಂತಿಲ್ಲ. ನಡೆದ ದಿನ, ಹೊತ್ತು, ಅಕ್ಷಾಂಶ, ರೇಖಾಂಶಗಳನ್ನು ಕ್ಯಾಪ್ಟನ್ ಮನೆಯವರಿಗೆ ಪತ್ರ ಬರೆದು ತಿಳಿಸುತ್ತಾನೆ. ಜೊತೆಗೆ ಚಿತ್ರಗಳೂ ಹೋಗುವುದುಂಟು. ಎರಡನೆಯ ಸಲ ತೆಗೆಯುವ ಅವಕಾಶವಿಲ್ಲದ ಈ ಕೆಲಸಕ್ಕೆ ಅನುಭವಸ್ಥರನ್ನು ಕಳಿಸುವುದೇ ಸರಿ.

ನೆಲದ ಮೇಲೆ ಸೈನಿಕರೊಡನೆ ನಡೆಯುವ ಭೂಸೇನೆಯ ಛಾಯಾಗ್ರಾಹಕರ ಬದುಕು ಇದಕ್ಕಿಂತ ಬೇರೆ, ಅಪಾಯ ಹೆಚ್ಚು. 2013ರ ಜುಲೈ 2ರಂದು ಅಫ್ಘಾನಿಸ್ತಾನದ ಲಘ್ಮಾನ್ ಪ್ರಾಂತದಲ್ಲಿ ತರಬೇತಿಯ ವೇಳೆ ಮಾರ್ಟರ್ ಸಿಡಿದು ಹಿಲ್ಡಾ ಕ್ಲೇಟನ್ ಎಂಬ ಇಪ್ಪತ್ತೆರಡರ ಛಾಯಾಗ್ರಾಹಕಿ ಮತ್ತು ನಾಲ್ವರು ಅಫ್ಘನ್ ಸೈನಿಕರು ಸತ್ತರು. ಸತ್ತ ಅಫ್ಘನ್ನರಲ್ಲಿ ಒಬ್ಬ ಆಕೆಯಿಂದಲೇ ಛಾಯಾಗ್ರಹಣ ಕಲಿಯುತ್ತಿದ್ದ. ಸ್ಫೋಟದ ಕ್ಷಣದಲ್ಲಿ ಆಕೆ ತೆಗೆದ ಚಿತ್ರವನ್ನು ಕುಟುಂಬದ ಒಪ್ಪಿಗೆ ಪಡೆದು ಸೇನೆಯ ‘ಮಿಲಿಟರಿ ರಿವ್ಯೂ’ ಪತ್ರಿಕೆ 2017ರಲ್ಲಿ ಪ್ರಕಟಿಸಿತು. ಸೇನಾ ಛಾಯಾಗ್ರಾಹಕರ ವಾರ್ಷಿಕ ಸ್ಪರ್ಧೆಯೊಂದಕ್ಕೆ ಈಗ ಅವಳ ಹೆಸರಿದೆ.

ನಿಯೋಜನೆಯ ಕೊನೆಯ ತಿಂಗಳುಗಳಲ್ಲಿ ಮಾಧ್ಯಮ ವಿಭಾಗದ ಮೇಲೆ ಬೀಳುವ ದೊಡ್ಡ ಹೊರೆ ಕ್ರೂಸ್ ಬುಕ್. ಯಾನದ ವಾರ್ಷಿಕ ಸಂಚಿಕೆಯಂಥ ಈ ದಪ್ಪ ಪುಸ್ತಕದಲ್ಲಿ ಹಡಗಿನ ಪ್ರತಿ ವಿಭಾಗದವರ ಚಿತ್ರವೂ ಇರಬೇಕು. ಎಂಜಿನ್ ಕೋಣೆಯ ರಾತ್ರಿ ಪಾಳಿಯವರನ್ನು, ಬಟ್ಟೆ ಒಗೆಯುವವರನ್ನು, ಹಲ್ಲಿನ ವೈದ್ಯರ ಸಹಾಯಕರನ್ನು ಹುಡುಕಿ ಹೋಗಿ ತೆಗೆಯಬೇಕು. ಯಾರಾದರೂ ಬಿಟ್ಟುಹೋದರೆ ಬೈಗುಳ ಖಂಡಿತ. ಪುಸ್ತಕ ಅಚ್ಚಾಗಿ ಕೈಸೇರುವುದು ಊರಿಗೆ ಮರಳಿ ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಅದನ್ನು ಕಟ್ಟಿದವರಲ್ಲಿ ಕೆಲವರು ದಡದ ಕಚೇರಿಗಳಿಗೆ, ಕೆಲವರು ಬೇರೆ ಹಡಗುಗಳಿಗೆ ವರ್ಗವಾಗಿರುತ್ತಾರೆ. ಶಾಶ್ವತವಾಗಿ ಇಡಬೇಕೆಂದು ಆರಿಸಿದ ಚಿತ್ರಗಳು ಸಂಖ್ಯೆ, ಅಡಿಬರಹಗಳ ಸಮೇತ ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಸೇರುತ್ತವೆ.